ಹಂಡೆ ಹೋಯ್ತು, ಬಾಯ್ಲರ್ ಬಂತು: ಹೊಗೆ ಯಾರ ಮನೆಗೆ?

ಮಲೆನಾಡಿನವರಿಗೆ ಊಟ ಅರ್ಧ ಗಂಟೆ ತಡವಾದರೂ ನಡೆದೀತು, ಸ್ನಾನಕ್ಕೆ ಬಿಸಿನೀರಿಲ್ಲ ಅಂದರೆ ನಡೆಯೋದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಳೆಯ ಮನೆಗಳಲ್ಲಿ ಬಚ್ಚಲು ಒಲೆಗೆ ಬೆಂಕಿ ಬಿದ್ದ ಮೇಲೇ ಬೆಳಗಾಗುತ್ತಿತ್ತು. ದೀಪಾವಳಿಗೆ ಮುಂಚೆ ನೀರು ತುಂಬುವ ಹಬ್ಬದ ದಿನ ತಾಮ್ರದ ಹಂಡೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ, ಬಳ್ಳಿ ಸುತ್ತಿ, ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡುವಷ್ಟು ಅದಕ್ಕೆ ಮರ್ಯಾದೆ.

ಈಗ ಹಂಡೆ ಅಟ್ಟ ಸೇರುತ್ತಿದೆ. ಹೊಸ ಮನೆ ಕಟ್ಟಿಸುವವರು ಬಚ್ಚಲಿಗೆ ಟೈಲ್ಸ್ ಹಾಕಿಸುತ್ತಾರೆ, ಒಳಗೆ ಒಲೆ ಬೇಡ ಅನ್ನುತ್ತಾರೆ. ಆದರೆ ಸೌದೆ ಬಿಡೋ ಮನಸ್ಸೂ ಇಲ್ಲ. ಅದಕ್ಕೊಂದು ನಡುದಾರಿ: ಮನೆಯ ಹೊರಗೆ ತಗಡಿನ ಮಾಡಿನಡಿ ಸೌದೆ ಬಾಯ್ಲರ್, ಅಲ್ಲಿಂದ ಬಚ್ಚಲಿಗೆ ಪೈಪು. ಹಾಕಿಸಬೇಕೋ ಬೇಡವೋ ಅನ್ನೋದು ಈಗ ಮನೆಮನೆಯ ಚರ್ಚೆ.

“ತೋಟದಲ್ಲಿ ಸೌದೆ ಬಿದ್ದು ಕೊಳೀತಿದೆ, ಕರೆಂಟಿಗೆ ಯಾಕೆ ದುಡ್ಡು?” ಅನ್ನುತ್ತಾರೆ ಯಜಮಾನರು. “ಹಾಕ್ಸಿ, ಬೇಡ ಅಂದೋರ್ ಯಾರು? ಬೆಳಿಗ್ಗೆ ಐದಕ್ಕೆ ಎದ್ದು ಬೆಂಕಿ ಹಾಕೋರು ಯಾರು ಅಂತ ಮೊದಲು ಹೇಳಿ ರೀ,” ಅನ್ನುತ್ತಾರೆ ಮನೆಯಾಕೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಹಾಗಾಗಿ ಲೆಕ್ಕ ಹಾಕಿಯೇ ನೋಡಬೇಕು.

ನಾಲ್ಕು ಜನರ ಲೆಕ್ಕ

ನಾಲ್ಕು ಜನರ ಮನೆ, ತಲೆಗೆ 25 ಲೀಟರ್ ಅಂದರೆ 100 ಲೀಟರ್ ನೀರು. ಟ್ಯಾಂಕಿನ ನೀರು 20 ಡಿಗ್ರಿ ಇದ್ದರೆ ಮೈಗೆ ಹಿತವಾಗಿರಲು 40 ಡಿಗ್ರಿಗೆ ಏರಬೇಕು. ಇದಕ್ಕೆ ಬೇಕಾದ ಶಾಖ 2,000 ಕಿಲೋ ಕ್ಯಾಲೊರಿ.

ಒಣ ಸೌದೆ ಕೆ.ಜಿ.ಗೆ ಸುಮಾರು 3,500 ಕಿಲೋ ಕ್ಯಾಲೊರಿ ಕೊಡುತ್ತದೆ. ಆದರೆ ಮೂರು ಕಲ್ಲಿನ ತೆರೆದ ಒಲೆಯಲ್ಲಿ ನೀರಿಗೆ ಸೇರೋದು ನೂರರಲ್ಲಿ ಹದಿನೈದು ಪಾಲು ಇದ್ದೀತು. ಉಳಿದದ್ದು ಗಾಳಿಗೆ, ಗೋಡೆಗೆ, ಮಸಿಗೆ. ಹೀಗಾಗಿ ದಿನಕ್ಕೆ ಹತ್ತಿರ ಹತ್ತಿರ 4 ಕೆ.ಜಿ. ಸೌದೆ ಬೇಕು, ವರ್ಷಕ್ಕೆ ಒಂದೂವರೆ ಟನ್. ಒಳ್ಳೆ ಬಾಯ್ಲರಿನಲ್ಲಿ ನಡುವೆ ಬೆಂಕಿಯ ಕೊಳವೆ, ಸುತ್ತಲೂ ನೀರು. ನೂರಕ್ಕೆ ನಲವತ್ತು ಪಾಲು ಶಾಖ ನೀರಿಗೆ ದಕ್ಕಿತು ಅನ್ನಿ, ಆಗ ದಿನಕ್ಕೆ ಒಂದೂವರೆ ಕೆ.ಜಿ. ಸಾಕು. ವರ್ಷಕ್ಕೆ ಅರ್ಧ ಟನ್ನಿಗೆ ಸ್ವಲ್ಪ ಮೇಲೆ.

ಸೌದೆ ಒಣಗಿರಬೇಕು, ಇದು ಮೊದಲ ಶರತ್ತು. ಈಗ ತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಬೆಂಕಿ ಮೊದಲು ಆ ನೀರನ್ನು ಆವಿ ಮಾಡಿ ಓಡಿಸಿ, ಆಮೇಲೆ ಸ್ನಾನದ ನೀರಿನ ಸುದ್ದಿಗೆ ಬರಬೇಕು. ಅಷ್ಟು ಹೊತ್ತೂ ಹೊಗೆ, ಕೊಳವೆಯೊಳಗೆ ಡಾಂಬರಿನಂಥ ಜಿಡ್ಡು. ಹಿರಿಯರು ಮೃಗಶಿರ ಮಳೆಗೆ ಮುಂಚೆ ಸೌದೆ ಕೊಟ್ಟಿಗೆ ತುಂಬಿಸುತ್ತಿದ್ದದ್ದು ಸುಮ್ಮನೆ ಅಲ್ಲ.

ತೋಟ ಇದ್ದವರಿಗೆ ಅಡಿಕೆ ಸಿಪ್ಪೆ, ಒಣ ಹಾಳೆ, ತೆಂಗಿನ ಗರಿ, ಕರಟ ಕೈಗೆಟಕುತ್ತವೆ. ಆದರೆ ಸಿಪ್ಪೆಯನ್ನೂ ಹಾಳೆಯನ್ನೂ ಕೊಳೆಸಿದರೆ ತೋಟಕ್ಕೆ ಗೊಬ್ಬರ. ಎಲ್ಲವನ್ನೂ ಒಲೆಗೆ ಒಟ್ಟಿ, ಆಮೇಲೆ ಗೊಬ್ಬರ ಕೊಳ್ಳೋಕೆ ಅಂಗಡಿಗೆ ಓಡಿದರೆ ಲಾಭ ಎಲ್ಲಿ ಬಂತು? ಸೌದೆ ಕೊಂಡು ತರುವ ಪೇಟೆಯವರಿಗಂತೂ ‘ಪುಕ್ಕಟೆ ಉರುವಲು’ ಅನ್ನುವ ಮಾತೇ ಹೊಂದುವುದಿಲ್ಲ. ಮೀಸಲು ಅರಣ್ಯದಲ್ಲಿ ಮರ ಕಡಿದು ತಂದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಕೇಸು ಬೀಳುತ್ತದೆ.

ಕರೆಂಟು, ಬಿಸಿಲು, ಗ್ಯಾಸು

ಅದೇ 100 ಲೀಟರ್ ನೀರಿಗೆ ಕರೆಂಟಿನ ಗೀಸರ್ ಆದರೆ ದಿನಕ್ಕೆ ಎರಡೂವರೆ ಯೂನಿಟ್, ತಿಂಗಳಿಗೆ 75 ಯೂನಿಟ್. 2023ರಲ್ಲಿ ಶುರುವಾದ ಗೃಹಜ್ಯೋತಿ ಯೋಜನೆ ಇದೆಯಲ್ಲ ಅನ್ನಬಹುದು. ಅಲ್ಲೇ ಇರೋದು ಗಂಟು. ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂತ ಯೋಜನೆ ಹೇಳಿಲ್ಲ. 2022-23ರಲ್ಲಿ ಮನೆ ಬಳಸಿದ ತಿಂಗಳ ಸರಾಸರಿ ಹಿಡಿದು, ಅದಕ್ಕೆ ಶೇಕಡಾ 10 ಸೇರಿಸಿ ಮಿತಿ ಹಾಕಿದರು. ಸರಾಸರಿ 60 ಇದ್ದವರಿಗೆ ಮಿತಿ 66. ಗೀಸರ್ ಸೇರಿ 135 ಆದರೆ ಮೇಲಿನ 69 ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಮೊದಲೇ 150 ಬಳಸುತ್ತಿದ್ದ ಮನೆ ಗೀಸರ್ ಹಾಕಿ 225ಕ್ಕೆ ಹೋದರೆ ಪೂರ್ತಿ ಬಿಲ್ಲೇ ಬಾಗಿಲಿಗೆ ಬರುತ್ತದೆ.

ಸೋಲಾರ್ ಹಾಕಿಸಿದರೆ ದಿನದಿನದ ಖರ್ಚಿಲ್ಲ, ನಿಜ. ಭದ್ರಾವತಿ, ಶಿಕಾರಿಪುರದ ಬಯಲಲ್ಲಿ ಇದು ಸಲೀಸು. ಆದರೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಕಾಣುವ ಆಗುಂಬೆಯ ಸುತ್ತಮುತ್ತ ಆರಿದ್ರಾ, ಪುನರ್ವಸು ಮಳೆ ಹಿಡಿದು ಕೂತರೆ ಸೂರ್ಯನ ಮುಖ ಕಾಣೋದು ಯಾವಾಗಲೋ! ಬಿಸಿನೀರು ತೀರಾ ಬೇಕಾದ ದಿನವೇ ಸೋಲಾರ್ ರಜೆ ಹಾಕುತ್ತದೆ. ಲೈನ್ ಮೇಲೆ ಮರ ಬಿದ್ದರೆ ಗೀಸರ್ ಕೂಡ ರಜೆ. ಸೌದೆ ಬಾಯ್ಲರಿನ ಪರ ಇರುವ ದೊಡ್ಡ ಸಾಕ್ಷಿ ಇದೇ.

ಗ್ಯಾಸ್ ಗೀಸರ್ ಒಂದಕ್ಕೆ 14.2 ಕೆ.ಜಿ.ಯ ಸಿಲಿಂಡರ್ ಈ ಲೆಕ್ಕದಲ್ಲಿ ಎರಡು ತಿಂಗಳು ಬಂದೀತು. ಆದರೆ ಕಿಟಕಿ ಮುಚ್ಚಿದ ಬಚ್ಚಲೊಳಗೆ ಅದನ್ನು ಉರಿಸೋದು ಯಮನಿಗೆ ಆಮಂತ್ರಣ ಕೊಟ್ಟ ಹಾಗೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆ ಇಲ್ಲ.

ಹೊಗೆಯ ಪಂಚಾಯ್ತಿ

ಅಮೆರಿಕದ ಚಳಿ ಸೀಮೆಯಲ್ಲಿ ಇಡೀ ಮನೆ ಬೆಚ್ಚಗಿಡಲು ಅಂಗಳದಾಚೆ ಗುಡಿಸಿಲಿನಷ್ಟು ದೊಡ್ಡ ಸೌದೆ ಬಾಯ್ಲರ್ ಇಡುತ್ತಾರೆ. ಗಿಡ್ಡ ಚಿಮಣಿ, ಮಂದ ಉರಿ, ನೆಲದ ಮೇಲೇ ತೆವಳುವ ಹೊಗೆ. ನೆರೆಹೊರೆಯವರ ದೂರು ಹೆಚ್ಚಿ, ಕೊನೆಗೆ 2015ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಹೊಸ ಬಾಯ್ಲರುಗಳ ಹೊಗೆಗೆ ಮಿತಿ ಹಾಕಿತು, 2020ರಲ್ಲಿ ಮಿತಿ ಇನ್ನೂ ಬಿಗಿಯಾಯಿತು.

ನಮ್ಮಲ್ಲಿ ತೋಟದ ನಡುವಿನ ಒಂಟಿ ಮನೆಗೆ ಈ ತಕರಾರಿಲ್ಲ. 30–40 ಸೈಟಿನಲ್ಲಿ ಕತೆಯೇ ಬೇರೆ. ಇವರ ಚಿಮಣಿಯ ಬಾಯಿಗೆ ಸರಿಯಾಗಿ ಅವರ ಮಲಗೋ ಕೋಣೆಯ ಕಿಟಕಿ. ಪಕ್ಕದ ಮನೆಯಲ್ಲಿ ದಮ್ಮಿನ ಅಜ್ಜ ಇದ್ದರಂತೂ ಮುಗಿಯಿತು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಒಲೆ ಹೊರಗಿಟ್ಟರೆ ಸ್ವಂತ ಮನೆಗೆ ಒಳ್ಳೆಯದೇ. ಆದರೆ ನಮ್ಮ ಹೊರಗು ಪಕ್ಕದವರ ಒಳಗು ಆಗಬಾರದು.

ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ಚಳಿಗಾಲದಲ್ಲಿ ಮೂಡಣದಿಂದ. ಹಾಗಾಗಿ ಬಾಯ್ಲರ್ ಮನೆಯ ಉತ್ತರಕ್ಕೋ ದಕ್ಷಿಣಕ್ಕೋ ಇದ್ದರೆ ವಾಸಿ. ಚಿಮಣಿ ಮಾಡಿಗಿಂತ ಎತ್ತರ ಏಳಬೇಕು. ಪ್ಲಾಸ್ಟಿಕ್ ಕವರು, ಹಾಲಿನ ಪ್ಯಾಕೆಟ್ಟು, ಟಯರ್ ತುಂಡು ಒಲೆಗೆ ಹಾಕಲೇಬಾರದು.

ಇನ್ನೊಂದು ಮಾತು, ಪ್ರಾಣಕ್ಕೆ ಸಂಬಂಧಿಸಿದ್ದು. ಬಾಯ್ಲರಿನಿಂದ ಆವಿ ಹೊರಹೋಗಲು ಗಾಳಿ ಕೊಳವೆ ಬೇಕೇ ಬೇಕು. ಅದರ ತುದಿ ಮೇಲಿನ ಟ್ಯಾಂಕಿಗಿಂತ ಎತ್ತರ ಇರಬೇಕು, ಅದಕ್ಕೆ ವಾಲ್ವ್ ಕೂರಿಸಬಾರದು. ಎಲ್ಲ ದಾರಿ ಮುಚ್ಚಿ ಬೆಂಕಿ ಹಾಕಿದರೆ ಬಾಯ್ಲರ್ ಬಾಂಬ್ ಆಗುತ್ತದೆ. ನೀರಿಲ್ಲದೆ ಉರಿ ಹಚ್ಚಬಾರದು. ಬಿಸಿನೀರಿನ ದಾರಿಗೆ ಸಾದಾ ಪಿವಿಸಿ ಪೈಪು ಹಾಕಿದರೆ ಮೆತ್ತಗಾಗಿ ಜೋಲು ಬೀಳುತ್ತದೆ.

ಹಾಗಾದರೆ ತೀರ್ಮಾನ?

ಸ್ವಂತ ತೋಟದ ಒಣ ಸೌದೆ, ಸುತ್ತ ಬಯಲು, ಮಳೆಗಾಲದಲ್ಲಿ ಕರೆಂಟಿನ ಕಣ್ಣಾಮುಚ್ಚಾಲೆ – ಮೂರೂ ಇದ್ದ ಮನೆಗೆ ಬಾಯ್ಲರ್ ಸರಿ. ಬಿಸಿಲುಗಾಲಕ್ಕೆ ಸೋಲಾರ್, ಮಳೆಗಾಲಕ್ಕೆ ಬಾಯ್ಲರ್ ಅಂತ ಜೋಡಿ ಮಾಡಿಕೊಂಡರೆ ಸೌದೆಯೂ ಉಳಿತಾಯ. ಪೇಟೆಯ ಒತ್ತು ಮನೆಗಳಲ್ಲಿ, ಸೌದೆ ಕೊಳ್ಳುವವರಿಗೆ ಇದು ಬೇಡದ ಉಸಾಬರಿ. ಹಳೆ ಬಚ್ಚಲು ಒಲೆ ಇದ್ದವರು ಹೊಸತು ಕೊಳ್ಳುವ ಮುಂಚೆ ಇದ್ದದ್ದನ್ನೇ ಸುಧಾರಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ತಂಡದ ಒಲೆ ಕಲಿಸಿದ ಪಾಠ ಸರಳ: ಬೆಂಕಿಗೆ ಕೆಳಗಿಂದ ಗಾಳಿ ಬರಲಿ, ಸುತ್ತ ಗೋಡೆ ಇರಲಿ, ಹೊಗೆಗೆ ಕೊಳವೆ ಇರಲಿ.

ಮನೆಯಾಕೆ ಕೇಳಿದ ಪ್ರಶ್ನೆಗೆ ಮಾತ್ರ ಯಾವ ಲೆಕ್ಕದಲ್ಲೂ ಉತ್ತರ ಸಿಗದು. ಸೌದೆ ಒಡೆಯೋರು, ಬೂದಿ ತೆಗೆಯೋರು, ನಸುಕಿನಲ್ಲಿ ಬೆಂಕಿ ಹಾಕೋರು ಯಾರು ಅನ್ನೋದು ಅಡ್ವಾನ್ಸ್ ಕೊಡುವ ಮುಂಚೆ ತೀರ್ಮಾನವಾಗಲಿ. ಆ ಕೆಲಸಕ್ಕೆ ಯಜಮಾನರು ತಾವೇ ಹೆಸರು ಬರೆಸಿದರೆ ಅರ್ಧ ಜಗಳ ಅಲ್ಲಿಗೇ ಮುಗಿದೀತು.