ಯೆಜ್ಡಿಯ ಗೇರ್ ಇಳಿಸುವ ಕಾಲಿನ ಜಾಣತನ

ಬೆಂಗಳೂರಿನ ವಿಜಯನಗರದ ಕಡೆಯಿಂದ ಕಾರ್ಡ್ ರಸ್ತೆಯಲ್ಲಿ ಹಳೆಯ ಯೆಜ್ಡಿ ಬೈಕ್ ಬರುತ್ತಿದ್ದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಸಿಗ್ನಲ್ ಹತ್ತಿರವಾದಾಗ ಪಳಗಿದ ಸವಾರ ಗೇರ್ ಇಳಿಸಿದರೆ ಸದ್ದು ಒಮ್ಮೆ ಏರಿ ತಣ್ಣಗಾಗುತ್ತದೆ. ಅದೇ ಗಾಡಿ ಹೊಸಬರ ಕೈಗೆ ಸಿಕ್ಕಿತೋ, ಮುಗ್ಗರಿಸುತ್ತದೆ. ಹಿಂದೆ ಕೂತವರ ಹಣೆ ಮುಂದಿನವರ ಬೆನ್ನಿಗೆ. ಬೈಗುಳ ಮಾತ್ರ ಗೇರ್‌ಬಾಕ್ಸಿಗೆ!

ಪಾಪ, ಗೇರ್‌ಬಾಕ್ಸ್ ಏನು ಮಾಡೀತು? ಗಾಡಿಯ ವೇಗ ಅಷ್ಟೇ ಇದ್ದು ಗೇರ್ ಒಂದು ಮೆಟ್ಟಿಲು ಇಳಿದರೆ ಎಂಜಿನ್ ಮೊದಲಿಗಿಂತ ಜೋರಾಗಿ ತಿರುಗಲೇಬೇಕು. ಮೂರನೇ ಗೇರಿನಲ್ಲಿ ನಿಮಿಷಕ್ಕೆ 2,500 ಸುತ್ತು ತಿರುಗುತ್ತಿತ್ತು, ಎರಡನೆಯದರಲ್ಲಿ 3,300 ಬೇಕು ಎಂದಿಟ್ಟುಕೊಳ್ಳಿ. ನಡುವಿನ 800 ಸುತ್ತು ಎಲ್ಲಿಂದಾದರೂ ಬರಬೇಕಲ್ಲ? ಸವಾರ ಆಕ್ಸಿಲರೇಟರ್ ತಿರುವಿ ಕೊಡದಿದ್ದರೆ, ಕ್ಲಚ್ ಬಿಟ್ಟ ತಕ್ಷಣ ಹಿಂದಿನ ಚಕ್ರವೇ ಎಂಜಿನ್ನನ್ನು ಎಳೆದು ತಿರುಗಿಸುತ್ತದೆ. ಜರ್ಕ್ ಎನ್ನುವುದು ಈ ಎಳೆದಾಟವನ್ನೇ. ಮಳೆ ಬಿದ್ದ ರಸ್ತೆಯಲ್ಲಿ ಹಿಂದಿನ ಟೈರು ಜಾರಿದರೂ ಆಶ್ಚರ್ಯವಿಲ್ಲ.

ಮದ್ದು ಸುಲಭ. ಕ್ಲಚ್ ಹಿಡಿದಿರುವಾಗಲೇ ಒಂದು ಚಿಕ್ಕ ರೇಸ್ ಕೊಟ್ಟು, ಗೇರ್ ಇಳಿಸಿ, ಕ್ಲಚ್ ನಿಧಾನವಾಗಿ ಬಿಡುವುದು. ಇಂದಿನ ಕೆಲವು ದುಬಾರಿ ಬೈಕುಗಳಲ್ಲಿ ಸ್ಲಿಪ್ಪರ್ ಕ್ಲಚ್ ತಾನೇ ಸ್ವಲ್ಪ ಜಾರಿ ಸವಾರನ ಅವಸರವನ್ನು ಮುಚ್ಚಿಹಾಕುತ್ತದೆ. ಹಳೆಯ ಗಾಡಿಗೆ ಆ ದಾಕ್ಷಿಣ್ಯವಿಲ್ಲ.

ಆದರೆ ಯೆಜ್ಡಿಗೆ ಅದರದೇ ಒಂದು ಕರಾಮತ್ತಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರವರೆಗೆ ತಯಾರಿಸಿದ ಈ ಗಾಡಿಗಳ ಮೂಲ ಜೆಕೊಸ್ಲೊವಾಕಿಯಾದ ಜಾವಾ. ಎಡಗಾಲಿನ ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ, ಇದು ಎಲ್ಲರಿಗೂ ಗೊತ್ತು. ಕಡಿಮೆ ಜನ ಗಮನಿಸುವ ಸಂಗತಿ ಇನ್ನೊಂದು: ಆ ಲಿವರ್ ಅಲುಗಿದರೆ ಒಳಗಿನ ಒಂದು ಕ್ಯಾಮ್ ಕ್ಲಚ್ಚನ್ನೂ ಬಿಡಿಸುತ್ತದೆ. ಎಡಗೈ ಸುಮ್ಮನಿದ್ದರೂ ಗೇರ್ ಬದಲಾಗುತ್ತದೆ! ಲಿವರನ್ನು ಕೆಳಗೆ ಒತ್ತಿ ಹಿಡಿದಷ್ಟು ಹೊತ್ತು ಕ್ಲಚ್ ಹಿಡಿದಂತೆಯೇ. ಹಾಗಾಗಿ ಒತ್ತಿ ಹಿಡಿದು, ರೇಸ್ ಕೊಟ್ಟು, ಪಾದವನ್ನು ಮೆಲ್ಲಗೆ ಸಡಿಲಿಸಿದರೆ ಗೇರ್ ಬೆಣ್ಣೆಯಂತೆ ಕೂರುತ್ತದೆ. ಪಾದ ಥಟ್ಟನೆ ತೆಗೆದರೆ ಜರ್ಕ್ ಖಾತ್ರಿ. ಈ ಏರ್ಪಾಡು ಸವೆದಿದ್ದರೆ ಅಥವಾ ಅಡ್ಜಸ್ಟ್‌ಮೆಂಟ್ ತಪ್ಪಿದ್ದರೆ ಕೈಕ್ಲಚ್ಚೇ ಗತಿ.

ಹಳೆಯ ಬುಲೆಟ್ ಓಡಿಸಿ ಅಭ್ಯಾಸವಾದವರಿಗೆ ಇಲ್ಲಿ ತಲೆಕೆಳಗು. ಅದರ ಗೇರ್ ಬಲಗಾಲಿಗೆ, ಇಳಿಸಬೇಕಾದರೆ ಲಿವರ್ ಮೇಲಕ್ಕೆತ್ತಬೇಕು. ಗಾಬರಿಯಲ್ಲಿ ಬ್ರೇಕೆಂದು ಗೇರ್ ತುಳಿದವರು ಎರಡೂ ಕಡೆ ಇದ್ದಾರು.

ಇನ್ನೊಂದು ವ್ಯತ್ಯಾಸ ಎಂಜಿನ್ನಿನದು. ಫೋರ್ ಸ್ಟ್ರೋಕ್ ಬುಲೆಟ್ ಗೇರ್ ಇಳಿಸಿದರೆ ಚೆನ್ನಾಗಿ ಹಿಡಿಯುತ್ತದೆ; ಟೂ ಸ್ಟ್ರೋಕ್ ಯೆಜ್ಡಿಯ ಹಿಡಿತ ಕಡಿಮೆ. ಜೊತೆಗೆ ಅದರ ಆಯಿಲ್ ಪೆಟ್ರೋಲಿನಲ್ಲೇ ಬೆರೆತಿರುತ್ತದೆ. ನಂದಿಬೆಟ್ಟದಂಥ ಉದ್ದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನ ಮೇಲೇ ಬಂದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲಿನ ಜೊತೆಗೆ ಆಯಿಲೂ ಕಡಿಮೆಯಾಗಿರುತ್ತದೆ. ಪಿಸ್ಟನ್ ಜಾಮ್ ಆಗುವುದು ಹೀಗೂ ಉಂಟು.

ಆದ್ದರಿಂದ ಯೆಜ್ಡಿ ಇಟ್ಟುಕೊಂಡವರು ವೇಗ ತಗ್ಗಿಸುವ ಕೆಲಸವನ್ನು ಬ್ರೇಕಿಗೇ ಬಿಡಿ, ಆಮೇಲೆ ಗೇರ್ ಇಳಿಸಿ, ಇಳಿಜಾರಿನಲ್ಲಿ ಆಗಾಗ ಸ್ವಲ್ಪ ರೇಸ್ ಕೊಡಿ. ಕಲಿಯಲು ಭಾನುವಾರ ಬೆಳಿಗ್ಗೆ ಬಸವೇಶ್ವರನಗರದ ಖಾಲಿ ಒಳರಸ್ತೆ ಸಾಕು. ಸಂಜೆ ಆರರ ನಾಯಂಡಹಳ್ಳಿ ಜಂಕ್ಷನ್ ಖಂಡಿತ ಬೇಡ.