ಎಲುಬಿನೊಳಗಿನ ಶಾವಿಗೆ ಒರಳು

ಮಳೆಗಾಲ ಶುರುವಾಗಿ ತಿಂಗಳು ಕಳೆಯುವಷ್ಟರಲ್ಲಿ ಕಾಲೇಜಿನ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡತೊಡಗುತ್ತದೆ. ‘ಅರ್ಜೆಂಟ್, ಡೆಂಗಿ ಪೇಷೆಂಟ್, ಬಿ ಪಾಸಿಟಿವ್ ಪ್ಲೇಟ್‌ಲೆಟ್ ಬೇಕು’. ಹಾಸ್ಟೆಲ್‌ನಲ್ಲಿ ಯಾರಾದರೂ ಜ್ವರವೆಂದು ಮಲಗಿದರೆ ಈಗ ಮೊದಲು ಕೇಳುವ ಪ್ರಶ್ನೆ ‘ಕೌಂಟ್ ಎಷ್ಟು?’. ನಿನ್ನೆ 90 ಸಾವಿರ ಇತ್ತಂತೆ, ಇವತ್ತು 40 ಸಾವಿರವಂತೆ ಎಂದು ಕ್ರಿಕೆಟ್ ಸ್ಕೋರಿನ ಹಾಗೆ ಸುದ್ದಿ ಹರಡುತ್ತದೆ. ಆದರೆ ಈ ಪ್ಲೇಟ್‌ಲೆಟ್ ಎಲ್ಲಿ, ಹೇಗೆ ತಯಾರಾಗುತ್ತದೆ ಎಂದು ಕೇಳುವವರು ಕಡಿಮೆ. ಮೆಕ್ಯಾನಿಕಲ್ ವಿಭಾಗದಲ್ಲಿ ಬಿ.ಇ. ಓದುತ್ತಿರುವ ನಾನು ಕುತೂಹಲಕ್ಕೆಂದು ಹುಡುಕುತ್ತಾ ಹೋದಾಗ ಎದುರಾದದ್ದೆಲ್ಲ ನಮ್ಮದೇ ಸಿಲಬಸ್ಸಿನ ಪದಗಳು: ಗಡಸುತನ, ಒತ್ತಡ, ಹರಿವು, ಶಿಯರ್ ಸ್ಟ್ರೆಸ್.

ಮೊದಲು ಸ್ವಲ್ಪ ಲೆಕ್ಕ ನೋಡೋಣ. ಆರೋಗ್ಯವಂತರ ಒಂದು ಮೈಕ್ರೊಲೀಟರ್ ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ಒಂದೊಂದರ ಅಗಲ ಎರಡು–ಮೂರು ಮೈಕ್ರೊಮೀಟರ್. ಗಾಯವಾದಾಗ ಓಡಿಬಂದು ರಕ್ತನಾಳದ ತೂತು ಮುಚ್ಚುವ ಕೆಲಸ ಇವುಗಳದ್ದು. ಆಯಸ್ಸು ಬರೀ 7ರಿಂದ 10 ದಿನ. ಹಾಗಾಗಿ ನಮ್ಮ ದೇಹ ದಿನವೂ ಸುಮಾರು 10,000 ಕೋಟಿ ಹೊಸ ಪ್ಲೇಟ್‌ಲೆಟ್‌ಗಳನ್ನು ತಯಾರಿಸಲೇಬೇಕು. ಭಾನುವಾರವೂ ರಜೆಯಿಲ್ಲದ ಈ ಕಾರ್ಖಾನೆ ಇರುವುದು ಎಲುಬಿನೊಳಗಿನ ಅಸ್ಥಿಮಜ್ಜೆಯಲ್ಲಿ.

ಒಂದು ಕೋಶ, ಸಾವಿರಾರು ಚೂರು

ಇಟಲಿಯ ವೈದ್ಯ ವಿಜ್ಞಾನಿ ಜೂಲಿಯೊ ಬಿಝೊಝೆರೊ 1882ರಲ್ಲಿ ಪ್ಲೇಟ್‌ಲೆಟ್‌ಗಳನ್ನು ವಿವರವಾಗಿ ಬಣ್ಣಿಸಿದರು. ಅವು ಹುಟ್ಟುವುದು ಎಲ್ಲಿಂದ ಎಂಬುದನ್ನು 1906ರಲ್ಲಿ ತಿಳಿಸಿದವರು ಅಮೆರಿಕದ ಜೇಮ್ಸ್ ಹೋಮರ್ ರೈಟ್. ಮಜ್ಜೆಯಲ್ಲಿ ಮೆಗಾಕ್ಯಾರಿಯೊಸೈಟ್ ಎಂಬ ದೈತ್ಯ ಕೋಶಗಳಿವೆ. ಸಾಮಾನ್ಯ ಕೋಶಗಳು ಬೆಳೆದಂತೆ ಎರಡಾಗಿ ಒಡೆಯುತ್ತವೆ. ಇವು ಒಡೆಯದೆ ತಮ್ಮ ಡಿಎನ್‌ಎಯನ್ನು ಮಾತ್ರ ಮತ್ತೆ ಮತ್ತೆ ದುಪ್ಪಟ್ಟು ಮಾಡಿಕೊಳ್ಳುತ್ತಾ 50ರಿಂದ 100 ಮೈಕ್ರೊಮೀಟರ್‌ವರೆಗೆ ಊದಿಕೊಳ್ಳುತ್ತವೆ. ಆಮೇಲೆ ತಮ್ಮ ಮೈಯನ್ನೇ ಉದ್ದುದ್ದ ಎಳೆಗಳಾಗಿ ಚಾಚುತ್ತವೆ. ಆ ಎಳೆಗಳು ತುಂಡಾದರೆ ಅವೇ ಪ್ಲೇಟ್‌ಲೆಟ್‌ಗಳು. ಒಂದು ಕೋಶದಿಂದ ಸಾವಿರಾರು ಪ್ಲೇಟ್‌ಲೆಟ್ ಹುಟ್ಟುತ್ತವೆ.

ಮನೆಯಲ್ಲಿ ಶಾವಿಗೆ ಒತ್ತುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಒರಳಿನಲ್ಲಿ ಹಿಟ್ಟಿನ ಉಂಡೆ ಇದೆ, ಕೆಳಗೆ ತೂತುಗಳಿವೆ, ಒತ್ತಿದರೆ ಎಳೆ ಇಳಿಯುತ್ತದೆ. ಮಜ್ಜೆಯಲ್ಲಿ ಉಂಡೆಯ ಜಾಗದಲ್ಲಿ ಮೆಗಾಕ್ಯಾರಿಯೊಸೈಟ್ ಇದೆ. ತೂತಿನ ಜಾಗದಲ್ಲಿ ಸೈನುಸಾಯ್ಡ್ ಎಂಬ ಸಣ್ಣ ರಕ್ತನಾಳಗಳ ತೆಳು ಗೋಡೆ. ಕೋಶ ಆ ಗೋಡೆಗೆ ಆತುಕೊಂಡು ಎಳೆಯನ್ನು ನಾಳದೊಳಗೆ ತೂರಿಸುತ್ತದೆ. ಒಳಗೆ ಹರಿಯುವ ರಕ್ತ ಅದನ್ನು ಎಳೆದು ಕತ್ತರಿಸಿಕೊಂಡು ಹೋಗುತ್ತದೆ. ಇದು ಬರೀ ಊಹೆಯಲ್ಲ. 2007ರಲ್ಲಿ ವಿಜ್ಞಾನಿಗಳು ಜೀವಂತ ಇಲಿಯ ತಲೆಬುರುಡೆಯ ಮಜ್ಜೆಯಲ್ಲಿ ಇದು ನಡೆಯುವುದನ್ನು ವಿಶೇಷ ಸೂಕ್ಷ್ಮದರ್ಶಕದ ಮೂಲಕ ಕಣ್ಣಾರೆ ಕಂಡರು.

ಮೆತ್ತಗಿದ್ದರೆ ಚೆನ್ನ

ನಮ್ಮ ಮೆಟೀರಿಯಲ್ ಲ್ಯಾಬಿನ ಭಾಷೆಯಲ್ಲಿ ಹೇಳುವುದಾದರೆ, ಎಲುಬಿನ ಗಡಸುತನವನ್ನು ಗಿಗಾಪ್ಯಾಸ್ಕಲ್‌ನಲ್ಲಿ ಅಳೆಯಬೇಕು. ಅದರೊಳಗಿನ ಮಜ್ಜೆಗೆ ಕಿಲೊಪ್ಯಾಸ್ಕಲ್, ಕೆಲವೆಡೆ ಅದಕ್ಕಿಂತಲೂ ಚಿಕ್ಕ ಅಳತೆ ಸಾಕು. ಅಂದರೆ ಕಲ್ಲಿನಂಥ ಕವಚದೊಳಗೆ ಲಕ್ಷಾಂತರ ಪಟ್ಟು ಮೆತ್ತಗಿನ ತಿರುಳು. ಕೋಶಗಳಿಗೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಅವು ತಾವು ಕೂತ ನೆಲವನ್ನು ಹಿಡಿದು ಜಗ್ಗಿ ನೋಡುತ್ತವೆ, ನೆಲ ಎಷ್ಟು ಬಗ್ಗುತ್ತದೆ ಎಂಬುದರ ಮೇಲೆ ತಮ್ಮ ನಡವಳಿಕೆ ಬದಲಿಸುತ್ತವೆ.

ಪ್ರಯೋಗಾಲಯದಲ್ಲಿ ಮಜ್ಜೆಯ ಹಾಗೆ ಮೆತ್ತಗಿರುವ ಜೆಲ್‌ನೊಳಗೆ ಬೆಳೆಸಿದ ಮೆಗಾಕ್ಯಾರಿಯೊಸೈಟ್‌ಗಳು ದ್ರವದಲ್ಲಿ ತೇಲಿಕೊಂಡು ಬೆಳೆದವಕ್ಕಿಂತ ಚೆನ್ನಾಗಿ ಬಲಿಯುತ್ತವೆ. ಎಲುಬಿನ ಅಂಚಿನಲ್ಲಿ ಹೆಚ್ಚಾಗಿರುವ ಒಂದನೇ ಬಗೆಯ ಕೊಲಾಜೆನ್ ಮೇಲೆ ಕೂರಿಸಿದರೆ ಅವು ಎಳೆ ಚಾಚಲು ಹಿಂಜರಿಯುತ್ತವೆ. ಇದರಲ್ಲೊಂದು ಜಾಣತನವಿದೆ. ನಾಳದಿಂದ ದೂರದಲ್ಲೇ ಎಳೆ ಚಾಚಿದರೆ ಪ್ಲೇಟ್‌ಲೆಟ್‌ಗಳು ರಕ್ತ ಸೇರದೆ ಮಜ್ಜೆಯಲ್ಲೇ ಚೆಲ್ಲಿಹೋಗುತ್ತವೆ. ನಾಳದ ಬಳಿ ತಲುಪುವ ತನಕ ‘ಇನ್ನೂ ಬೇಡ’ ಎಂದು ಸುತ್ತಲಿನ ನೆಲವೇ ತಡೆಹಿಡಿಯುತ್ತದೆ.

ಈ ನೆಲ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಮೈಲೊಫೈಬ್ರೋಸಿಸ್ ಎಂಬ ರಕ್ತದ ಕಾಯಿಲೆಯೇ ಸಾಕ್ಷಿ. ಅದರಲ್ಲಿ ಮಜ್ಜೆಯ ತುಂಬ ನಾರು ಬೆಳೆದು, ಮೆತ್ತಗಿನ ಜಾಗ ಬಿಗಿಯಾಗುತ್ತದೆ. ರೋಗ ಮುಂದುವರಿದಂತೆ ರಕ್ತಕಣಗಳ ಉತ್ಪಾದನೆ ಕುಸಿಯುತ್ತದೆ, ಗುಲ್ಮ ಊದಿಕೊಳ್ಳುತ್ತದೆ. ಗಟ್ಟಿಯಾಗುವುದೊಂದೇ ಇದಕ್ಕೆ ಕಾರಣವಲ್ಲ, ಕೋಶಗಳೊಳಗಿನ ವಂಶವಾಹಿ ದೋಷವೂ ಇದೆ. ಆದರೂ ಬೀಜ ಮಾತ್ರವಲ್ಲ, ಹೊಲವೂ ಮುಖ್ಯ ಎಂಬುದನ್ನು ಈ ರೋಗ ತೋರಿಸಿಕೊಡುತ್ತದೆ.

ಕಡೆದರೆ ತಾನೆ ಬೆಣ್ಣೆ?

ಹರಿವಿನ ಕಥೆ ಇನ್ನೂ ಸ್ವಾರಸ್ಯದ್ದು. ಅಲುಗಾಡದ ತಟ್ಟೆಯಲ್ಲಿ ಬೆಳೆಸಿದ ಮೆಗಾಕ್ಯಾರಿಯೊಸೈಟ್ ಕೊಡುವ ಪ್ಲೇಟ್‌ಲೆಟ್, ದೇಹದಲ್ಲಿ ಅದು ಕೊಡುವುದರ ಒಂದು ಸಣ್ಣ ಪಾಲು ಮಾತ್ರ. ಪೋಷಕಾಂಶ, ಹಾರ್ಮೋನು ಎಲ್ಲ ಕೊಟ್ಟರೂ ಅಷ್ಟೇ. ಕೊರತೆ ಎಲ್ಲಿ? ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಕೋಜಿ ಎಟೊ ಅವರ ತಂಡ 2018ರಲ್ಲಿ ಇದಕ್ಕೊಂದು ಉತ್ತರ ಕೊಟ್ಟಿತು. ಇಲಿಯ ಮಜ್ಜೆಯಲ್ಲಿ ಪ್ಲೇಟ್‌ಲೆಟ್ ಉದುರಿಸುತ್ತಿರುವ ಕೋಶಗಳ ಸುತ್ತ ಹರಿವು ನೇರವಾಗಿರದೆ, ಸುಳಿಯಂತೆ ತಿರುಚಿಕೊಳ್ಳುವುದನ್ನು ಅವರು ಗಮನಿಸಿದರು.

ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರು ಇಲ್ಲಿ ಹುಬ್ಬೇರಿಸಬಹುದು. ಕೂದಲಿಗಿಂತ ಸಣ್ಣ ನಾಳ, ನಿಧಾನದ ರಕ್ತ. ಲೆಕ್ಕ ಹಾಕಿದರೆ ರೆನಾಲ್ಡ್ಸ್ ಸಂಖ್ಯೆ ಒಂದಕ್ಕಿಂತ ಎಷ್ಟೋ ಕಡಿಮೆ. ಪಠ್ಯಪುಸ್ತಕದ ಅರ್ಥದಲ್ಲಿ ಅಲ್ಲಿ ಟರ್ಬುಲೆನ್ಸ್ ಸಾಧ್ಯವಿಲ್ಲ. ಆದರೆ ನಾಳಕ್ಕೆ ಅಡ್ಡಲಾಗಿ ಚಾಚಿದ ಎಳೆ ಮತ್ತು ನುಗ್ಗುವ ರಕ್ತಕಣಗಳ ನಡುವೆ ಹರಿವು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತದೆ. ಎಳೆಯನ್ನು ಹಿಗ್ಗಿಸುವ ಶಿಯರ್ ಸ್ಟ್ರೆಸ್, ತಿರುಚುವ ಸುಳಿ ಎರಡೂ ಹದವಾಗಿ ಬೇಕು ಎಂಬುದೇ ಆ ತಂಡದ ಮಾತಿನ ಸಾರ.

ಅದನ್ನು ಅನುಕರಿಸಲು ಅವರು ಬಳಸಿದ ಯಂತ್ರದಲ್ಲಿ ಅಲಗುಗಳು ಸುತ್ತುವುದಿಲ್ಲ, ಮೇಲೆ ಕೆಳಗೆ ಆಡುತ್ತವೆ. ಕಡಗೋಲು ಆಡಿಸಿದರೆ ಮೊಸರಿನಿಂದ ಬೆಣ್ಣೆ ಬರುತ್ತದಲ್ಲ, ಹಾಗೆ! ಎಂಟು ಲೀಟರಿನ ತೊಟ್ಟಿಯಿಂದ 10,000 ಕೋಟಿ ಪ್ಲೇಟ್‌ಲೆಟ್ ಸಿಕ್ಕವು. ನಮ್ಮ ದೇಹ ಸದ್ದಿಲ್ಲದೆ ಮಾಡುವ ಒಂದು ದಿನದ ಕೆಲಸಕ್ಕೆ ಅದು ಸಮ. ಹೀಗೆ ತಯಾರಾದ ಪ್ಲೇಟ್‌ಲೆಟ್‌ಗಳನ್ನು ಅಪರೂಪದ ರಕ್ತದ ರೋಗಿಯೊಬ್ಬರಿಗೆ ಅವರದೇ ಕೋಶಗಳಿಂದ ಮಾಡಿ ಕೊಟ್ಟ ಮೊದಲ ಪ್ರಯೋಗದ ವರದಿ 2022ರಲ್ಲಿ ಬಂತು. ಗಂಭೀರ ಅಡ್ಡಪರಿಣಾಮ ಕಾಣಲಿಲ್ಲ. ಕೌಂಟ್ ಮಾತ್ರ ಹೇಳಿಕೊಳ್ಳುವಷ್ಟು ಏರಲಿಲ್ಲ. ದಾರಿ ಇನ್ನೂ ದೂರವಿದೆ.

ಈ ನಡುವೆ 2017ರಲ್ಲಿ ಅಮೆರಿಕದ ವಿಜ್ಞಾನಿಗಳು ಇನ್ನೊಂದು ಅಚ್ಚರಿ ತಂದರು. ಇಲಿಗಳಲ್ಲಿ ಸುಮಾರು ಅರ್ಧದಷ್ಟು ಪ್ಲೇಟ್‌ಲೆಟ್‌ಗಳು ಬಿಡುಗಡೆಯಾಗುವುದು ಶ್ವಾಸಕೋಶದಲ್ಲಂತೆ. ಮಜ್ಜೆಯಿಂದ ಹೊರಟ ಮೆಗಾಕ್ಯಾರಿಯೊಸೈಟ್‌ಗಳು ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಅಲ್ಲಿ ಚೂರಾಗುತ್ತವೆ. ಅಲ್ಲೂ ಕೆಲಸ ಮಾಡುವುದು ಹರಿವೇ.

ಅಲ್ಲಿಯವರೆಗೆ ನಾವೇ ಗತಿ

ಇದೆಲ್ಲ ಯಾಕೆ ಮುಖ್ಯವೆಂದರೆ, ಪ್ಲೇಟ್‌ಲೆಟ್ ಕೂಡಿಡಲು ಬರುವುದಿಲ್ಲ. ರಕ್ತನಿಧಿಯಲ್ಲಿ ಅದನ್ನು ಫ್ರಿಜ್ಜಿನಲ್ಲಿಡದೆ 20ರಿಂದ 24 ಡಿಗ್ರಿಯಲ್ಲಿ, ತೊಟ್ಟಿಲಿನಂತೆ ಸದಾ ತೂಗುವ ಯಂತ್ರದ ಮೇಲೆ ಇಡಬೇಕು. ಆಗಲೂ ಬಾಳಿಕೆ ಐದೇ ದಿನ. ಡೆಂಗಿಯಲ್ಲಿ ವೈರಸ್ ಮಜ್ಜೆಯ ಕೆಲಸವನ್ನು ಕೆಲದಿನ ಕುಗ್ಗಿಸುತ್ತದೆ, ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳೂ ನಾಶವಾಗುತ್ತವೆ. ಹೆಚ್ಚಿನವರಲ್ಲಿ ಕಾರ್ಖಾನೆ ತಾನಾಗಿಯೇ ಮತ್ತೆ ಶುರುವಾಗುತ್ತದೆ. ಆ ಹೊತ್ತಿಗೆ ಏನು ಕುಡಿದಿದ್ದರೂ ಅದಕ್ಕೇ ಹೆಸರು ಬರುತ್ತದೆ! ಕೌಂಟ್ ಕಡಿಮೆಯಾದ ಮಾತ್ರಕ್ಕೆ ಎಲ್ಲರಿಗೂ ಪ್ಲೇಟ್‌ಲೆಟ್ ಏರಿಸುವ ಅಗತ್ಯವಿಲ್ಲ. ರಕ್ತಸ್ರಾವವಿದೆಯೇ, ರಕ್ತನಾಳಗಳಿಂದ ದ್ರವ ಸೋರುತ್ತಿದೆಯೇ ಎಂದು ನೋಡಿ ವೈದ್ಯರು ನಿರ್ಧರಿಸುತ್ತಾರೆ. ಆದರೆ ರಕ್ತದ ಕ್ಯಾನ್ಸರಿಗೆ ಕಿಮೊಥೆರಪಿ ಪಡೆಯುತ್ತಿರುವವರ ಮಜ್ಜೆ ವಾರಗಟ್ಟಲೆ ಮಂಕಾಗಿರುತ್ತದೆ. ಅವರಿಗೆ ಮಳೆಗಾಲ ಮುಗಿದರೂ, ಗ್ರೂಪಿನಲ್ಲಿ ಸಂದೇಶ ನಿಂತರೂ ಪ್ಲೇಟ್‌ಲೆಟ್ ಬೇಕೇ ಬೇಕು.

ಯಂತ್ರದ ಮೂಲಕ ಪ್ಲೇಟ್‌ಲೆಟ್ ಮಾತ್ರ ಬೇರ್ಪಡಿಸಿ, ಉಳಿದ ರಕ್ತವನ್ನು ಮೈಗೆ ವಾಪಸು ಕೊಡುವ ಅಫೆರಿಸಿಸ್ ವಿಧಾನಕ್ಕೆ ಹಿಡಿಯುವುದು ಒಂದೂವರೆ ತಾಸಿನಷ್ಟು ಸಮಯ. ಒಂದು ಚೀಲಕ್ಕೆ ಸುಮಾರು 30,000 ಕೋಟಿ ಪ್ಲೇಟ್‌ಲೆಟ್. ಹದಿನೆಂಟು ತುಂಬಿ, ತೂಕ 50 ಕೆ.ಜಿ. ದಾಟಿ, ಆರೋಗ್ಯವಾಗಿದ್ದು, ಹಿಂದಿನ ಮೂರು ದಿನ ಆಸ್ಪಿರಿನ್ ನುಂಗಿರದಿದ್ದರೆ ಕೊಡಬಹುದು. ಉಳಿದ ತಪಾಸಣೆ ಅಲ್ಲೇ ಮಾಡುತ್ತಾರೆ. ಕ್ಯೋಟೊದ ತೊಟ್ಟಿ ಮೂರು ಸಲ ತುಂಬಿದರೆ ಸಿಗುವಷ್ಟು ಪ್ಲೇಟ್‌ಲೆಟ್ಟನ್ನು ನಮ್ಮ ಕ್ಲಾಸಿನ ಯಾರು ಬೇಕಾದರೂ ಒಂದು ಶನಿವಾರ ಮಧ್ಯಾಹ್ನ ಕೊಟ್ಟು ಬರಬಹುದು. ಕೊಟ್ಟದ್ದನ್ನು ಮಜ್ಜೆ ಕೆಲವೇ ದಿನಗಳಲ್ಲಿ ತುಂಬಿಕೊಡುತ್ತದೆ.