ಹುಲ್ಲಿನೊಳಗಿನ ಅಗೋಚರ ಪಾಲುದಾರ

ಹುಲ್ಲನ್ನು ನಾವು ಸಾಮಾನ್ಯವಾಗಿ ಒಂದೇ ಜೀವವೆಂದು ಎಣಿಸುತ್ತೇವೆ. ಆದರೆ ಸಮಶೀತೋಷ್ಣ ವಲಯದ ಅನೇಕ ಹುಲ್ಲುಗಳೊಳಗೆ ಬರಿಗಣ್ಣಿಗೆ ಕಾಣದ ಇನ್ನೊಂದು ಜೀವ ನೆಲೆಸಿರುತ್ತದೆ. 'ಎಪಿಕ್ಲೊಯಿ' ಕುಲಕ್ಕೆ ಸೇರಿದ ಈ ಶಿಲೀಂಧ್ರ ಜೀವಕೋಶಗಳ ನಡುವಿನ ಸಂದಿಗಳಲ್ಲಿ ನೂಲಿನೆಳೆಯಂತೆ ಹಬ್ಬಿ, ಬೀಜವನ್ನು ಸೇರಿ, ತಾಯಿ ಹುಲ್ಲಿನಿಂದ ಮರಿ ಹುಲ್ಲಿಗೆ ಆಸ್ತಿಯಂತೆ ದಾಟುತ್ತದೆ. ಹುಲ್ಲು ಅದಕ್ಕೆ ಅನ್ನ, ಆಶ್ರಯ ನೀಡುತ್ತದೆ. ಪ್ರತಿಯಾಗಿ ಅದು ಕೀಟಗಳನ್ನೂ ಮೇಯುವ ಪ್ರಾಣಿಗಳನ್ನೂ ದೂರವಿಡುವ ಆಲ್ಕಲಾಯ್ಡ್‌ಗಳನ್ನು ತಯಾರಿಸುತ್ತದೆ. ಚೀನಾ ಮತ್ತು ಮಂಗೋಲಿಯಾದ ಹುಲ್ಲುಗಾವಲುಗಳ ಒಂದು ಹುಲ್ಲಿಗೆ 'ಕುಡುಕ ಕುದುರೆ ಹುಲ್ಲು' ಎಂದೇ ಹೆಸರು. ಅದನ್ನು ಮೇಯ್ದ ಕುದುರೆಗಳು ತೂರಾಡುವುದಕ್ಕೆ ಇಂಥದೇ ಶಿಲೀಂಧ್ರ ಕಾರಣ.

ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಇದೊಂದು ಒಪ್ಪಂದ. ಲಾಭ ಇಬ್ಬರು ಪಾಲುದಾರರದ್ದು, ವೆಚ್ಚ ಮೂರನೆಯವನದ್ದು. ಆ ಮೂರನೆಯವನು ಹಸು ಸಾಕುವ ರೈತನಾದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅನುಭವ ಪಾಠದಂತಿದೆ.

1931ರಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ಇ. ಎನ್. ಫರ್ಗಸ್ ಅವರು ಬೆಟ್ಟದ ಇಳಿಜಾರಿನ ಜಮೀನೊಂದರಲ್ಲಿ ಚಳಿಗಾಲದಲ್ಲೂ ಹಸಿರಾಗಿದ್ದ 'ಟಾಲ್ ಫೆಸ್ಕ್ಯೂ' ಹುಲ್ಲನ್ನು ಕಂಡರು. 'ಕೆಂಟಕಿ 31' ಎಂಬ ಹೆಸರಿನಲ್ಲಿ 1943ರಲ್ಲಿ ಬಿಡುಗಡೆಯಾದ ಈ ತಳಿ ಸವೆದ ಭೂಮಿಯನ್ನು ಹಿಡಿದು ನಿಲ್ಲಿಸಿತು. ಬರಕ್ಕೆ, ಅತಿಯಾದ ಮೇಯಿಸುವಿಕೆಗೆ ಜಗ್ಗಲಿಲ್ಲ. ಆದರೆ ಅದನ್ನು ಮೇಯ್ದ ದನಗಳು ಬೇಸಿಗೆಯಲ್ಲಿ ಏದುಸಿರು ಬಿಟ್ಟವು, ಸೊರಗಿದವು. ಹಾಲು ಕುಗ್ಗಿತು, ಗರ್ಭಧಾರಣೆ ಇಳಿಯಿತು. ಚಳಿಗಾಲದಲ್ಲಿ ಕೆಲವು ದನಗಳ ಗೊರಸು, ಬಾಲದ ತುದಿಗಳೇ ಕೊಳೆತವು. ರಾಸಾಯನಿಕ ವಿಶ್ಲೇಷಣೆಯಲ್ಲಿ ಹುಲ್ಲು ಪೌಷ್ಟಿಕವೆಂದೇ ಕಾಣುತ್ತಿತ್ತು.

ಒಗಟು ಬಿಡಿಸಿದ್ದು 1977ರಲ್ಲಿ, ಚಾರ್ಲ್ಸ್ ಬೇಕನ್ ಮತ್ತು ಸಂಗಡಿಗರು. ಜಾರ್ಜಿಯಾದಲ್ಲಿ ದನಗಳು ಕಾಯಿಲೆ ಬಿದ್ದ ಹುಲ್ಲುಗಾವಲಿನ ಹುಲ್ಲೆಲ್ಲವೂ ಶಿಲೀಂಧ್ರದಿಂದ ತುಂಬಿತ್ತು. ದನಗಳು ಆರೋಗ್ಯವಾಗಿದ್ದ ಕಡೆ ಅದು ತೀರಾ ಕಡಿಮೆಯಿತ್ತು. ಶಿಲೀಂಧ್ರದ 'ಎರ್ಗೋವ್ಯಾಲಿನ್' ರಕ್ತನಾಳಗಳನ್ನು ಕುಗ್ಗಿಸುತ್ತದೆಂಬುದು ಮುಂದೆ ತಿಳಿಯಿತು. ಇದರಿಂದ ದೇಹದ ಶಾಖ ಹೊರಹೋಗದು. ಚಳಿಯಲ್ಲಿ ಕಾಲ ತುದಿಗೆ ರಕ್ತವೂ ತಲುಪದು. ಈ ವಿಷದಿಂದಾಗುವ ವಾರ್ಷಿಕ ನಷ್ಟ 1993ರ ಅಂದಾಜಿನಂತೆ ಸುಮಾರು 60 ಕೋಟಿ ಡಾಲರ್.

ಪರಿಹಾರ ಸುಲಭವೆನಿಸಿತು. ಬೀಜವನ್ನು ಬಹುಕಾಲ ಕೂಡಿಟ್ಟರೆ ಮೊಳಕೆಯ ಶಕ್ತಿ ಉಳಿದು ಶಿಲೀಂಧ್ರ ಸಾಯುತ್ತದೆ. 1980ರ ದಶಕದಲ್ಲಿ ಶಿಲೀಂಧ್ರರಹಿತ ತಳಿಗಳು ಮಾರುಕಟ್ಟೆಗೆ ಬಂದವು. ದನಗಳು ಚೇತರಿಸಿಕೊಂಡವು, ನಿಜ. ಆದರೆ ಬರ, ಕೀಟ, ಮೇಯಿಸುವಿಕೆಗಳ ಮುಂದೆ ಹುಲ್ಲೇ ಹಲವೆಡೆ ಅಳಿಯಿತು. ಜನ ಮೆಚ್ಚಿದ್ದ ಗಟ್ಟಿತನದ ಬಹುಪಾಲು ಆ ಬಾಡಿಗೆದಾರನದ್ದೇ ಆಗಿತ್ತು! ನ್ಯೂಜಿಲೆಂಡಿನ ರೈಗ್ರಾಸ್‌ನದೂ ಇದೇ ಕಥೆ. ಅಲ್ಲಿ ಕುರಿಗಳನ್ನು ತೂರಾಡಿಸುತ್ತಿದ್ದ ಶಿಲೀಂಧ್ರವೇ ಹುಲ್ಲನ್ನು ಕಾಂಡಕೊರಕ ಮೂತಿಹುಳುವಿನಿಂದ ಕಾಯುತ್ತಿತ್ತು.

ಕೊನೆಗೆ ದಾರಿ ತೋರಿದ್ದು ಕಾಡು ಹುಲ್ಲುಗಳ ಸಂಗ್ರಹ. ಅವುಗಳಲ್ಲಿ ಹುಲ್ಲನ್ನು ಕಾಯುವ, ಆದರೆ ದನಕ್ಕೆ ವಿಷವುಣಿಸದ ಶಿಲೀಂಧ್ರದ ಬಗೆಗಳು ದೊರೆತವು. ಅಂಥವನ್ನು ತಳಿಗಳೊಳಗೆ ಕೂಡಿಸಿದ ಬೀಜ 2000ದ ಸುಮಾರಿಗೆ ಎರಡೂ ದೇಶಗಳಲ್ಲಿ ಮಾರಾಟಕ್ಕೆ ಬಂತು.

ಆಡಳಿತದಲ್ಲಿ ವರ್ಷಗಳನ್ನು ಕಳೆದವರಿಗೆ ಇದು ಪರಿಚಿತ ಚಿತ್ರ. ತೊಂದರೆಯ ಮೂಲವೆಂದು ಗುರುತಿಸಿದ್ದನ್ನು ಕಿತ್ತೊಗೆಯುವ ಮುನ್ನ ಅದು ಹೊತ್ತು ನಿಂತಿರುವ ಭಾರವನ್ನೂ ಲೆಕ್ಕ ಹಾಕಬೇಕು. ಬಳಕೆಗೆ ಬಾರದೆಂದು ನಾವು ಪಾಳು ಪಟ್ಟಿಗೆ ಸೇರಿಸುವ ಹುಲ್ಲುಗಾವಲುಗಳಲ್ಲಿ, ಇನ್ನೂ ಯಾರೂ ಕೇಳದ ಪ್ರಶ್ನೆಗಳಿಗೆ ಉತ್ತರ ಅಡಗಿರಬಹುದು. ಕಾಡು ಹುಲ್ಲು ಉಳಿದಿದ್ದರಿಂದಲೇ ಆ ದೇಶಗಳಿಗೆ ಎರಡನೆಯ ಅವಕಾಶ ಸಿಕ್ಕಿತೆಂಬುದನ್ನು ಮರೆಯಲಾಗದು.